ಮಕರ ಎಂದರೆ ಮೊಸಳೆಯೇ?

ನಮ್ಮ ಸಂಘದ ಸಂಕ್ರಾಂತಿ ಚಿತ್ರಸ್ಪರ್ಧೆಯಲ್ಲಿ ಮಕ್ಕಳಿಗೆ 'ಮಕರ' ಎಂಬ ವಿಷಯ ಕೊಟ್ಟಿದ್ದೆವು. ಒಬ್ಬ ಹುಡುಗ ಮೊಸಳೆ ಬರೆದ. ಒಬ್ಬಳು ಸೊಂಡಿಲಿರುವ ಮೀನು ಬರೆದಳು. ಇನ್ನೊಬ್ಬಳು ಮೀನಿನ ಬಾಲದ ಆಡು ಬರೆದಳು. ಮೊಸಳೆಯೊಂದೇ ಸರಿ ಎಂದು ಉಳಿದಿಬ್ಬರಿಗೆ ಅಂಕ ಕಡಿತ ಮಾಡಿದವರಲ್ಲಿ ನಾನೂ ಒಬ್ಬ. ಮನೆಗೆ ಬಂದು ನಿಘಂಟು ತೆರೆದಾಗ ತಪ್ಪು ನಮ್ಮದೇ ಎಂದು ತಿಳಿಯಿತು. ಆದುದರಿಂದ ಈ ವಿವರಣೆ.

ಪ್ರಾಣಿ: ಸಂಸ್ಕೃತದಲ್ಲಿ ಮಕರ ಎಂದರೆ ಮೊಸಳೆಯೂ ಹೌದು, ದೊಡ್ಡ ಜಲಚರವೂ ಹೌದು. ಭಗವದ್ಗೀತೆಯ 10ನೇ ಅಧ್ಯಾಯದಲ್ಲಿ ಅದನ್ನು ಮೀನುಗಳ ಸಾಲಿಗೆ ಸೇರಿಸಿದೆ. ಹಿಂದಿ, ಮರಾಠಿಗಳ 'ಮಗರ್' ಇದರಿಂದಲೇ ಬಂದದ್ದು; ಇಂಗ್ಲಿಷಿನವರ 'ಮಗ್ಗರ್' ಸಹ ಅದೇ. ಕನ್ನಡದ ಆಡುಮಾತಿನಲ್ಲಿ ಮಾತ್ರ ಜೀವಂತ ಪ್ರಾಣಿಗೆ ಮೊಸಳೆ ಎಂದೇ ಹೆಸರು.

ಪುರಾಣದ ಮಕರ: ಇದು ಗಂಗೆಯ ಮತ್ತು ವರುಣನ ವಾಹನ. ಮನ್ಮಥನ ಧ್ವಜದಲ್ಲಿಯೂ ಇದೇ ಇರುವುದರಿಂದ ಅವನು ಮಕರಧ್ವಜ. ವಿಷ್ಣುವಿನ ಕಿವಿಯಲ್ಲಿರುವುದು ಮಕರಕುಂಡಲ.

ಶಿಲ್ಪದ ಮಕರ: ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸುರುಳಿಯಾದ ಬಾಲ ಹೀಗೆ ಹಲವು ಪ್ರಾಣಿಗಳ ಅಂಗಗಳು ಕೂಡಿದ ರೂಪ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಪಟ್ಟಿಕೆಗಳಲ್ಲಿ ಹಂಸಗಳ ಸಾಲಿನ ಜೊತೆಗೆ ಮಕರಗಳ ಸಾಲೂ ಇದೆ. ದೇವರ ಮೂರ್ತಿಯ ಮೇಲಿನ ಮಕರತೋರಣದಲ್ಲಿ ಎರಡು ಬದಿಗೂ ಕಾಣುವುದು ಇದೇ.

ರಾಶಿ: ಹನ್ನೆರಡರಲ್ಲಿ ಹತ್ತನೆಯದು. ಸೂರ್ಯನು ಇದನ್ನು ಪ್ರವೇಶಿಸುವ ದಿನವೇ ಮಕರ ಸಂಕ್ರಾಂತಿ. ಕೇರಳದ ಕೊಲ್ಲವರ್ಷದಲ್ಲಿ ಮಕರ ಒಂದು ತಿಂಗಳ ಹೆಸರು. ಕ್ಯಾಲೆಂಡರುಗಳಲ್ಲಿ ಕಾಣುವ ಆಡು-ಮೀನಿನ ರೂಪ ಬಾಬಿಲೋನಿನ ಕಾಲದಿಂದ ಬಂದ ಪಾಶ್ಚಾತ್ಯ ರಾಶಿಚಿತ್ರ.

ಮಕರಂದ ಬೇರೆಯೇ ಪದ. ಅದರ ಅರ್ಥ ಹೂವಿನ ಜೇನು.

ನಮ್ಮ ಕುಂಬಳೆ ಸಮೀಪದ ಅನಂತಪುರ ಕ್ಷೇತ್ರದ ಕೆರೆಯಲ್ಲಿದ್ದ 'ಬಬಿಯಾ' ನಿಜವಾದ ಮೊಸಳೆ. ನೈವೇದ್ಯದ ಅನ್ನ ತಿನ್ನುತ್ತಿದ್ದ ಅದು 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಿತು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಬಬಿಯಾ ಸಾಧುವಾಗಿತ್ತೆಂದು ಎಲ್ಲ ಮೊಸಳೆಗಳನ್ನೂ ಹಾಗೆಯೇ ತಿಳಿಯಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಮೊಸಳೆಗೆ ಇದೆ. ಕಲ್ಲಿನ ಮಕರವನ್ನು ಹತ್ತಿರ ನಿಂತು ನೋಡೋಣ, ಕೆರೆಯ ಮೊಸಳೆಯನ್ನು ದೂರದಿಂದಲೇ ನೋಡೋಣ. ಮಕ್ಕಳಿಗೂ ಹೇಳಿರಿ.

ಆ ಮೂರು ಚಿತ್ರಗಳೂ ಸರಿ. ಕಡಿತ ಮಾಡಿದ ಅಂಕಗಳನ್ನು ಸೇರಿಸಿ ಫಲಿತಾಂಶ ತಿದ್ದಲಾಗಿದೆ. ಇಬ್ಬರು ಮಕ್ಕಳಲ್ಲಿಯೂ ಕ್ಷಮೆ ಕೋರುತ್ತೇನೆ.

– ಕಾರ್ಯದರ್ಶಿ