ನೃತ್ಯ ಸಂಯೋಜನೆ: ಎರಡು ಸಂಸ್ಕೃತಿಗಳ ನಡುವೆ ನೃತ್ಯಕೃತಿಯ ರಚನೆ ಮತ್ತು ಅದರ ಸಂರಕ್ಷಣೆ

ಪೀಠಿಕೆ

ಬೆಂಗಳೂರು ಉತ್ತರ ಭಾಗದ ಶೆಟ್ಟಿಹಳ್ಳಿ, ಬಾಗಲಗುಂಟೆ ಹಾಗೂ ಚಿಕ್ಕಬಾಣಾವರ ಪ್ರದೇಶಗಳ ಸಾರ್ವಜನಿಕರಿಗೆ ಹೆಸರಘಟ್ಟದ ರಸ್ತೆ ಚಿರಪರಿಚಿತವಾದುದು. ಹೆಸರಘಟ್ಟವೆಂದೊಡನೆ ಅರ್ಕಾವತಿ ನದಿಯ ಕೆರೆಯೂ ಹುಲ್ಲುಗಾವಲೂ ನೆನಪಿಗೆ ಬರುವುದು ಸಹಜ. ಅಲ್ಲಿಯೇ ಇರುವ ‘ನೃತ್ಯಗ್ರಾಮ’ವು ಎರಡು ದೇಶಗಳ ನೃತ್ಯ ಪದ್ಧತಿಗಳನ್ನು ಒಂದೇ ರಂಗದ ಮೇಲೆ ತಂದ ಕೃತಿಗಳಿಂದ ಜಗತ್ತಿನ ಗಮನ ಸೆಳೆದಿದೆ. ನೃತ್ಯ ಸಂಯೋಜನೆ ಎಂದರೇನು, ಕರ್ನಾಟಕದಲ್ಲಿ ಅದು ಬೆಳೆದ ಬಗೆ ಯಾವುದು, ಸಂಯೋಜಿಸಿದ ಕೃತಿಗೆ ಕಾನೂನಿನಲ್ಲಿ ಯಾವ ರಕ್ಷಣೆ ಇದೆ ಎಂಬ ವಿಷಯಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ನೃತ್ಯ ಸಂಯೋಜನೆ ಎಂದರೇನು?

ಅಡವು, ಹಸ್ತಮುದ್ರೆ, ಚಾರಿ ಮುಂತಾದವು ಪರಂಪರೆಯಿಂದ ಬಂದ ಸಾಮಗ್ರಿಗಳು. ಇವು ಯಾರೊಬ್ಬರ ಸ್ವತ್ತೂ ಅಲ್ಲ. ಈ ಸಾಮಗ್ರಿಗಳನ್ನು ಆಯ್ದು, ಕಾಲ, ಸ್ಥಳ, ಸಂಗೀತ ಮತ್ತು ನರ್ತಕರ ಸಂಖ್ಯೆಗೆ ಅನುಗುಣವಾಗಿ ಹೊಸ ಕ್ರಮದಲ್ಲಿ ಜೋಡಿಸಿ ಒಂದು ಕೃತಿಯನ್ನು ನಿರ್ಮಿಸುವುದೇ ನೃತ್ಯ ಸಂಯೋಜನೆ. ಪದಗಳು ಎಲ್ಲರವಾದರೂ ಪದ್ಯವು ಕವಿಯದಾಗಿರುವಂತೆ, ಅಡವುಗಳು ಎಲ್ಲರವಾದರೂ ಸಂಯೋಜನೆಯು ಸಂಯೋಜಕರದಾಗಿರುತ್ತದೆ.

ಕರ್ನಾಟಕದ ಹಿನ್ನೆಲೆ

ಬೆಂಗಳೂರಿನಲ್ಲಿ ಜನಿಸಿದ ರಾಮಗೋಪಾಲ್ ಅವರು 1930ರ ದಶಕದಲ್ಲಿ ಅಮೆರಿಕದ ನರ್ತಕಿ ಲಾ ಮೇರಿ ಅವರೊಡನೆ ವಿದೇಶ ಪ್ರವಾಸ ಕೈಗೊಂಡರು. 1939ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನ ನೀಡಿ ಖ್ಯಾತರಾದರು. 1960ರಲ್ಲಿ ಬ್ಯಾಲೆ ಕಲಾವಿದೆ ಅಲಿಸಿಯಾ ಮಾರ್ಕೋವಾ ಅವರೊಂದಿಗೆ ರಾಧಾ–ಕೃಷ್ಣರ ಕುರಿತ ಯುಗಳ ನೃತ್ಯವನ್ನು ರೂಪಿಸಿದರು. 2003ರಲ್ಲಿ ಅವರು ನಿಧನರಾದರು. ಅವರ ಕಲೆಯ ಬಹುಭಾಗ ಇಂದು ಛಾಯಾಚಿತ್ರಗಳಲ್ಲಿ ಮತ್ತು ಕೆಲವೇ ಚಲನಚಿತ್ರ ತುಣುಕುಗಳಲ್ಲಿ ಮಾತ್ರ ಉಳಿದಿದೆ.

ನೃತ್ಯ ಸಂಯೋಜನೆಯನ್ನು ಪ್ರತ್ಯೇಕ ಅಧ್ಯಯನ ವಿಷಯವಾಗಿ ರೂಪಿಸಿದವರಲ್ಲಿ ಡಾ. ಮಾಯಾ ರಾವ್ (1928–2014) ಪ್ರಮುಖರು. ಬೆಂಗಳೂರಿನ ಮಲ್ಲೇಶ್ವರದ ಹಿನ್ನೆಲೆಯ ಈ ಕಥಕ್ ಕಲಾವಿದೆ ದೆಹಲಿಯಲ್ಲಿ ಶಂಭು ಮಹಾರಾಜರ ಶಿಷ್ಯೆಯಾಗಿದ್ದರು. ಬಳಿಕ 1960ರ ದಶಕದ ಆರಂಭದಲ್ಲಿ ಮಾಸ್ಕೋದಲ್ಲಿ ಸಂಯೋಜನಾ ಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಕಮಲಾದೇವಿ ಚಟ್ಟೋಪಾಧ್ಯಾಯರ ಪ್ರೋತ್ಸಾಹದಿಂದ 1964ರಲ್ಲಿ ದೆಹಲಿಯಲ್ಲಿ ಸಂಯೋಜನಾ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. 1987ರಲ್ಲಿ ಬೆಂಗಳೂರಿಗೆ ಮರಳಿ ಮಲ್ಲೇಶ್ವರದಲ್ಲಿ ಬೋಧನೆ ಮುಂದುವರಿಸಿದರು. ರಷ್ಯಾದ ವಿಧಾನವನ್ನು ಕಲಿತರೂ ಬ್ಯಾಲೆಯನ್ನು ಅನುಕರಿಸದೆ, ಆ ಶಿಸ್ತನ್ನು ಭಾರತೀಯ ನೃತ್ಯಕ್ಕೆ ಅನ್ವಯಿಸಿದುದು ಅವರ ವೈಶಿಷ್ಟ್ಯ.

ನೃತ್ಯಗ್ರಾಮ

ಒಡಿಸ್ಸಿ ಕಲಾವಿದೆ ಪ್ರೊತಿಮಾ ಗೌರಿ ಬೇಡಿ ಅವರು ರಾಜ್ಯ ಸರ್ಕಾರದಿಂದ ಗುತ್ತಿಗೆಗೆ ಪಡೆದ ಸುಮಾರು 10 ಎಕರೆ ಜಮೀನಿನಲ್ಲಿ 1990ರಲ್ಲಿ ನೃತ್ಯಗ್ರಾಮವನ್ನು ಸ್ಥಾಪಿಸಿದರು. ಅಂದಿನ ಪ್ರಧಾನಮಂತ್ರಿ ಶ್ರೀ ವಿ.ಪಿ. ಸಿಂಗ್ ಅವರು ಇದನ್ನು ಉದ್ಘಾಟಿಸಿದರು. ಕಲ್ಲು ಮತ್ತು ಮಣ್ಣನ್ನು ಬಳಸಿ ಕಟ್ಟಿದ ಇಲ್ಲಿನ ಕಟ್ಟಡಗಳ ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ. ವಿದ್ಯಾರ್ಥಿಗಳು ಗುರುಕುಲ ಪದ್ಧತಿಯಂತೆ ಅಲ್ಲಿಯೇ ವಾಸಿಸಿ ಅಭ್ಯಾಸ ಮಾಡುತ್ತಾರೆ; ಸುತ್ತಲಿನ ಹಳ್ಳಿಗಳ ಮಕ್ಕಳಿಗೂ ನೃತ್ಯ ಕಲಿಸುತ್ತ ಬರಲಾಗಿದೆ. ಸಾವಿರಾರು ಪ್ರೇಕ್ಷಕರು ಸೇರುತ್ತಿದ್ದ, ಇಡೀ ರಾತ್ರಿ ನಡೆಯುತ್ತಿದ್ದ ‘ವಸಂತ ಹಬ್ಬ’ವು 2004ರ ನಂತರ ನಿಂತುಹೋಯಿತು.

1998ರ ಆಗಸ್ಟ್ ತಿಂಗಳಲ್ಲಿ ಕೈಲಾಸ ಮಾನಸ ಸರೋವರ ಯಾತ್ರೆಯ ಮಾರ್ಗದ ಮಾಲ್ಪಾದಲ್ಲಿ ಸಂಭವಿಸಿದ ಭೂಕುಸಿತದಲ್ಲಿ ಸ್ಥಾಪಕಿ ಮೃತಪಟ್ಟರು. ಸಂಸ್ಥೆಯು ಮುಚ್ಚಲಿಲ್ಲ. ಸಂಯೋಜಕಿ ಸುರೂಪಾ ಸೇನ್, ಕಲಾವಿದೆ ಬಿಜಯಿನಿ ಸತ್ಪತಿ ಹಾಗೂ ಬೆಳಕಿನ ವಿನ್ಯಾಸಕಿ ಲಿನ್ ಫರ್ನಾಂಡಿಸ್ ಅವರು ಅದನ್ನು ಮುನ್ನಡೆಸಿದರು.

‘ಸಂಹಾರ’: ಎರಡು ಪದ್ಧತಿಗಳ ಭೇಟಿ

2012ರಲ್ಲಿ ನೃತ್ಯಗ್ರಾಮವು ಶ್ರೀಲಂಕಾದ ಚಿತ್ರಸೇನ ನೃತ್ಯ ತಂಡದೊಂದಿಗೆ ‘ಸಂಹಾರ’ ಎಂಬ ಕೃತಿಯನ್ನು ಪ್ರದರ್ಶಿಸಿತು. ಒಡಿಸ್ಸಿಯಲ್ಲಿ ಮುಂಡಭಾಗವು ಬಳುಕುತ್ತದೆ. ತ್ರಿಭಂಗಿಯು ಅದರ ಮುಖ್ಯ ಲಕ್ಷಣ. ಕ್ಯಾಂಡಿ ನೃತ್ಯದಲ್ಲಿ ಬೆನ್ನು ನೇರವಾಗಿದ್ದು, ತೋಳುಗಳು ಅಗಲವಾಗಿ ಚಾಚಿರುತ್ತವೆ. ಹೆಜ್ಜೆಗಳು ‘ಗೆಟ ಬೆರ’ ಎಂಬ ಮದ್ದಳೆಯ ನಡೆಯನ್ನು ಅನುಸರಿಸುತ್ತವೆ. ಮಂಡಿಯನ್ನು ಹೊರಕ್ಕೆ ತಿರುಗಿಸಿ ಬಾಗಿಸಿದ ನಿಲುವು ಎರಡಕ್ಕೂ ಸಾಮಾನ್ಯ. ಈ ಕೃತಿಯಲ್ಲಿ ಎರಡನ್ನೂ ಬೆರೆಸಿ ಮೂರನೆಯ ಪದ್ಧತಿಯೊಂದನ್ನು ಸೃಷ್ಟಿಸಲಿಲ್ಲ. ಪ್ರತಿ ಕಲಾವಿದೆಯೂ ತನ್ನ ಪದ್ಧತಿಯಲ್ಲಿಯೇ ನರ್ತಿಸಿ, ತಾಳ ಹಾಗೂ ರಂಗಸ್ಥಳದ ವಿನ್ಯಾಸದಲ್ಲಿ ಇನ್ನೊಂದಕ್ಕೆ ಉತ್ತರಿಸುವಂತೆ ಸಂಯೋಜಿಸಲಾಯಿತು. ತರುವಾಯ ಎರಡೂ ತಂಡಗಳು ‘ಆಹುತಿ’ ಎಂಬ ಮತ್ತೊಂದು ಕೃತಿಯನ್ನು ರಚಿಸಿದವು.

ಕಾನೂನಿನ ರಕ್ಷಣೆ

ಕೃತಿಸ್ವಾಮ್ಯ ಅಧಿನಿಯಮ, 1957ರ ಕಲಂ 2(ಎಚ್) ಪ್ರಕಾರ ನೃತ್ಯ ಸಂಯೋಜನೆಯು ‘ನಾಟಕ ಕೃತಿ’ಯ ವ್ಯಾಪ್ತಿಗೆ ಸೇರುತ್ತದೆ. ಆದರೆ ಅದರ ಸ್ವರೂಪವು ಬರವಣಿಗೆಯಲ್ಲಿ ಅಥವಾ ಬೇರಾವುದೇ ರೀತಿಯಲ್ಲಿ ದಾಖಲಾಗಿರಬೇಕು. ಆದ್ದರಿಂದ ಶಿಷ್ಯರ ಸ್ಮರಣೆಯಲ್ಲಿ ಮಾತ್ರ ಉಳಿದಿರುವ ಸಂಯೋಜನೆಗೆ ಈ ರಕ್ಷಣೆಯನ್ನು ಕೋರುವುದು ಕಷ್ಟ. ಮುಖ್ಯಾಂಶಗಳು ಈ ಕೆಳಗಿನಂತಿವೆ:

1. ದಾಖಲಾದ ಸಂಯೋಜನೆಯ ಹಕ್ಕು ಸಂಯೋಜಕರ ಜೀವಿತಾವಧಿಗೂ, ನಿಧನದ ನಂತರ 60 ವರ್ಷಗಳಿಗೂ ಇರುತ್ತದೆ. ಜಂಟಿ ಕೃತಿಯಾದಲ್ಲಿ ಕೊನೆಗೆ ನಿಧನರಾದವರಿಂದ ಈ ಅವಧಿಯನ್ನು ಎಣಿಸಲಾಗುತ್ತದೆ.
2. ನರ್ತಕರಿಗೆ ಪ್ರದರ್ಶಕರ ಹಕ್ಕು ಪ್ರತ್ಯೇಕವಾಗಿದ್ದು, ಅದರ ಅವಧಿ 50 ವರ್ಷ.
3. ಪ್ರದರ್ಶನದ ವಿಡಿಯೋ ಚಿತ್ರದ ಹಕ್ಕು ಬೇರೆ, ಸಂಯೋಜನೆಯ ಹಕ್ಕು ಬೇರೆ. ಚಿತ್ರದ ಹಕ್ಕು ಸಾಮಾನ್ಯವಾಗಿ ಅದರ ನಿರ್ಮಾಪಕರಿಗೆ ಸೇರುತ್ತದೆ.
4. ನೋಂದಣಿಯು ಕಡ್ಡಾಯವಲ್ಲ, ಆದರೆ ವಿವಾದ ಉಂಟಾದಾಗ ಸಾಕ್ಷ್ಯವಾಗಿ ಉಪಯುಕ್ತ.

ಕಲಾವಿದರ ಗಮನಕ್ಕೆ

ಅಡವುಗಳ ಅನುಕ್ರಮ, ತಾಳ, ರಂಗಸ್ಥಳದಲ್ಲಿ ನರ್ತಕರ ಸ್ಥಾನ, ಸಾಹಿತ್ಯ ಮತ್ತು ದಿನಾಂಕಗಳನ್ನು ಒಳಗೊಂಡ ಟಿಪ್ಪಣಿಯನ್ನು ಕನ್ನಡದಲ್ಲಿಯೇ ಬರೆದಿಡಬಹುದು. 1928ರಲ್ಲಿ ರುಡಾಲ್ಫ್ ಲಾಬಾನ್ ಪ್ರಕಟಿಸಿದ ಚಲನಲಿಪಿಯಂತಹ ವಿಶೇಷ ಪದ್ಧತಿಯನ್ನು ಅರಿತಿರಲೇಬೇಕೆಂದಿಲ್ಲ. ಬೇರೆ ಪ್ರದೇಶದ ಅಥವಾ ದೇಶದ ತಂಡದೊಂದಿಗೆ ಕೃತಿ ರಚಿಸುವಾಗ, ಯಾವ ಭಾಗವನ್ನು ಯಾರು ಸಂಯೋಜಿಸಿದರು, ಮುಂದೆ ಯಾರು ಪ್ರದರ್ಶಿಸಬಹುದು, ಸಂಭಾವನೆಯ ಹಂಚಿಕೆ ಹೇಗೆ ಎಂಬುದನ್ನು ಅಭ್ಯಾಸ ಆರಂಭವಾಗುವ ಮೊದಲೇ ಲಿಖಿತವಾಗಿ ಒಪ್ಪಿಕೊಳ್ಳುವುದು ಸೂಕ್ತ.

ಕಟ್ಟಡಕ್ಕೆ ನಕ್ಷೆ ಇರುತ್ತದೆ, ಜಮೀನಿಗೆ ಪಹಣಿ ಇರುತ್ತದೆ. ವರ್ಷಗಟ್ಟಲೆ ಶ್ರಮಿಸಿ ರಚಿಸಿದ ನೃತ್ಯಕ್ಕೆ ಒಂದು ಪುಟದ ದಾಖಲೆಯೂ ಇಲ್ಲದಿದ್ದಲ್ಲಿ, ಅದು ರಚಿಸಿದವರೊಂದಿಗೇ ಕಣ್ಮರೆಯಾಗುತ್ತದೆ. ನೃತ್ಯ ಶಿಕ್ಷಕರು, ವಿದ್ಯಾರ್ಥಿಗಳು ಮತ್ತು ಪೋಷಕರು ಈ ಅಂಶವನ್ನು ಗಮನಿಸಿ ತಮ್ಮ ಕೃತಿಗಳನ್ನು ದಾಖಲಿಸಿಕೊಳ್ಳಲು ಕೋರಲಾಗಿದೆ.