ಬೆಂಕಿಗೆ ಮೊದಲೇ ಬಾವಿ ಕೇಳಿದವನು

ಮಗಳಿರುವುದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಅಲ್ಲಿ ಬೆಳಗಿನ ವಾಕಿಂಗಿಗೆ ಹೊರಟರೆ ಕೆಲವು ವೃತ್ತಗಳಲ್ಲಿ ಡಾಂಬರಿನ ನಡುವೆ ಇಟ್ಟಿಗೆಯ ದೊಡ್ಡ ಬಳೆಯೊಂದು ಕಾಣುತ್ತದೆ. ಅಲಂಕಾರ ಇರಬೇಕು ಅಂದುಕೊಂಡಿದ್ದೆ. ನಡುವಿನ ಕಬ್ಬಿಣದ ಮುಚ್ಚಳವನ್ನು ಬಗ್ಗಿ ಓದಿದಾಗ ಗೊತ್ತಾಯಿತು, ಕೆಳಗೆ ತೊಟ್ಟಿ ಇದೆ. ಸಾಮಾನ್ಯವಾಗಿ ಒಂದೊಂದರಲ್ಲಿ 75,000 ಗ್ಯಾಲನ್, ಅಂದರೆ ಸುಮಾರು 2.8 ಲಕ್ಷ ಲೀಟರ್ ನೀರು. ಯಾವ ಮನೆಯ ನಲ್ಲಿಗೂ ಅದು ಹೋಗುವುದಿಲ್ಲ, ಬೆಂಕಿಗಷ್ಟೇ ಮೀಸಲು. ನೀರು ಸರಬರಾಜಿನ ಕೆಲಸದಲ್ಲೇ ತಲೆ ಹಣ್ಣಾದವನು ನಾನು. ಎಂದೋ ಬೇಕಾದೀತೆಂದು ಅಷ್ಟು ನೀರನ್ನು ಸುಮ್ಮನೆ ಇಡಿಸಿದವರು ಯಾರಪ್ಪಾ ಅನ್ನಿಸಿತು.

ಅದನ್ನು ಕೇಳಿ ಕೇಳಿ ಸತ್ತವನು ಡೆನ್ನಿಸ್ ಸಲಿವನ್. 1893ರಿಂದ ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥ. ಊರು ತುಂಬ ಮರದ ಮನೆಗಳು, ಸದಾ ಗಾಳಿ, ನೀರು ಬರುವುದು ದೂರದ ಕೆರೆಗಳಿಂದ ಉದ್ದನೆಯ ಪೈಪುಗಳಲ್ಲಿ. ಪೈಪು ಒಡೆದರೆ? ಹಳೆಯ ತೊಟ್ಟಿಗಳನ್ನು ರಿಪೇರಿ ಮಾಡಿಸಿ, ಕೊಲ್ಲಿಯ ಉಪ್ಪುನೀರಿಗೆ ಬೇರೆಯೇ ಪೈಪು ಹಾಕಿಸಿ ಎಂದು ಆತ ವರ್ಷಗಟ್ಟಲೆ ಗೋಗರೆದ. ದುಡ್ಡು ಮಂಜೂರಾಗಲಿಲ್ಲ. (ಅಂಥ ಫೈಲು ಕಳಿಸಿ ಕಾಯ್ದು ಕೂತ ಅನುಭವ ನನಗೂ ಉಂಟು.) 1905ರ ಅಕ್ಟೋಬರಿನಲ್ಲಿ ಅಗ್ನಿವಿಮೆಯವರ ಮಂಡಳಿ ಬರೆಯಿತು: ಈ ಊರು ಇನ್ನೂ ಸುಟ್ಟುಹೋಗದಿರುವುದೇ ಸೋಜಿಗ, ಅದು ದಳದವರ ಎಚ್ಚರದ ಪುಣ್ಯ, ಆ ಎಚ್ಚರವನ್ನೇ ಸದಾಕಾಲ ನೆಚ್ಚಿಕೊಳ್ಳಲಾಗದು.

1906ರ ಏಪ್ರಿಲ್ 17ರ ರಾತ್ರಿ ಸಲಿವನ್ ಒಂದು ಗೋದಾಮಿನ ಬೆಂಕಿಗೆ ಹೋಗಿದ್ದು, ತಡವಾಗಿ ಬಂದು ಮಲಗಿದ್ದ. ಮನೆ ಅಂದರೆ ಬುಷ್ ಬೀದಿಯ ಫೈರ್ ಸ್ಟೇಷನ್ನಿನ ಮೇಲಂತಸ್ತೇ. ಬೆಳಗಿನ ಜಾವ 5:12ಕ್ಕೆ ಭೂಮಿ ನಡುಗಿತು. ಪಕ್ಕದ ಕ್ಯಾಲಿಫೋರ್ನಿಯಾ ಹೋಟೆಲಿನ ಇಟ್ಟಿಗೆ ಗೋಪುರ ಸ್ಟೇಷನ್ನಿನ ಮಾಡು ಸೀಳಿಕೊಂಡು ಕೆಳಗಿಳಿಯಿತು. ಹೆಂಡತಿಯ ಕೋಣೆಯತ್ತ ಧಾವಿಸಿದ ಸಲಿವನ್ನನ ಕಾಲಡಿ ನೆಲವೇ ಇರಲಿಲ್ಲ. ಬಿದ್ದವನ ಮೈಯನ್ನು ಒಡೆದ ರೇಡಿಯೇಟರಿನ ಹಬೆ ಬೇಯಿಸಿತು. ಹೆಂಡತಿ ಮಾರ್ಗರೆಟ್ ಬದುಕುಳಿದಳು.

ಅತ್ತ ದಳದವರು ಹೈಡ್ರಂಟಿಗೆ ಹೋಸು ಸಿಕ್ಕಿಸಿ ತಿರುಗಿಸಿದರೆ ನೀರಿಲ್ಲ. ಬೆಂಕಿಗೆ ತಡೆ ಹಾಕಲೆಂದು ಸೈನಿಕರು ಮದ್ದಿಟ್ಟು ಉಡಾಯಿಸಿದ ಕಟ್ಟಡಗಳಿಂದಲೂ ಹೊಸ ಬೆಂಕಿ ಎದ್ದಿತು. ಮೂರು ದಿನದಲ್ಲಿ ಸುಮಾರು 28,000 ಕಟ್ಟಡ ಹೋದವು. 21ಕ್ಕೆ ಬೆಂಕಿ ಆರಿತು. 22ಕ್ಕೆ ಪ್ರೆಸಿಡಿಯೊದ ಸೇನಾ ಆಸ್ಪತ್ರೆಯಲ್ಲಿ ಸಲಿವನ್ ತೀರಿಕೊಂಡ.

ಆತ ಎದ್ದು ನಿಂತಿದ್ದರೆ ಊರು ಉಳಿಯುತ್ತಿತ್ತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಣ ಹೋಸು ಹಿಡಿದು ಆತನಾದರೂ ಏನು ಮಾಡಿಯಾನು?

1908ರಲ್ಲಿ ಊರವರು 52 ಲಕ್ಷ ಡಾಲರಿನ ಸಾಲಪತ್ರಕ್ಕೆ ಒಪ್ಪಿದರು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದೆಂದರೆ ನಮ್ಮಲ್ಲಿ ಬೈಗುಳ. ಇವರು ತೋಡಿದ್ದನ್ನು ಮಾತ್ರ ಗಟ್ಟಿಯಾಗಿ ತೋಡಿದರು. ಟ್ವಿನ್ ಪೀಕ್ಸ್ ಗುಡ್ಡದ ಮೇಲೆ ಜಲಾಶಯ, ಉಪ್ಪುನೀರಿನ ಪಂಪು, ಬೆಂಕಿ ಆರಿಸುವ ದೋಣಿ, ರಸ್ತೆಯಡಿ ತೊಟ್ಟಿಗಳು. 1989ರ ಭೂಕಂಪದಲ್ಲಿ ಮರೀನಾ ಬಡಾವಣೆ ಹೊತ್ತಿಕೊಂಡಾಗ ಪೈಪುಗಳು ಮತ್ತೆ ಕೈಕೊಟ್ಟವು. ಫೀನಿಕ್ಸ್ ಎಂಬ ದೋಣಿ ಕೊಲ್ಲಿಯ ಉಪ್ಪುನೀರನ್ನು ಎತ್ತಿ ಕೊಟ್ಟಿತು.

ನಿಮ್ಮ ಮಕ್ಕಳೂ ಆ ಕಡೆ ಇದ್ದರೆ, ಮುಂದಿನ ಸಲ ಹೋದಾಗ ರಸ್ತೆ ದಾಟುತ್ತಾ ಒಮ್ಮೆ ಕೆಳಗೆ ನೋಡಿ.