ಮೋಟಾರ್‌ಹೋಮ್‌ನ ಸ್ವಯಂಚಾಲಿತ ಪ್ರವೇಶ ಮೆಟ್ಟಿಲು

ಸ್ವಯಂಚಾಲಿತ ಪ್ರವೇಶ ಮೆಟ್ಟಿಲು ಎಂಬುದು ಮೋಟಾರ್‌ಹೋಮ್ ಅಥವಾ ಕ್ಯಾರವಾನ್ ಎನ್ನಲಾಗುವ ವಾಸಯೋಗ್ಯ ವಾಹನದ ಬಾಗಿಲ ಕೆಳಗೆ ಅಳವಡಿಸುವ, ವಿದ್ಯುತ್ ಮೋಟಾರಿನ ನೆರವಿನಿಂದ ಹೊರಚಾಚಿ ಒಳಸರಿಯುವ ಮೆಟ್ಟಿಲಾಗಿದೆ. ಬಾಗಿಲು ತೆರೆದಾಗ ಹೊರಬರುವುದು, ಮುಚ್ಚಿದಾಗ ಮಡಚಿಕೊಳ್ಳುವುದು ಇದರ ಸಾಮಾನ್ಯ ಕ್ರಮ. ಮೆಟ್ಟಿಲು ಹೊರಬಾರದಿದ್ದರೆ ಇಳಿಯುವವರು ಬೀಳುವ ಸಂಭವವಿದೆ. ಒಳಸರಿಯದಿದ್ದರೆ ಚಲಿಸುವ ವಾಹನದ ಪಕ್ಕಕ್ಕೆ ಚಾಚಿಕೊಂಡು ದಾರಿಹೋಕರಿಗೂ ಇತರ ವಾಹನಗಳಿಗೂ ಅಪಾಯ ತರುತ್ತದೆ. ಆದುದರಿಂದ ಇದರ ದೋಷವನ್ನು ಗುರುತಿಸಿ ಸರಿಪಡಿಸುವುದು ಸುರಕ್ಷತೆಯ ವಿಷಯವಾಗಿದೆ.

ಹಿನ್ನೆಲೆ

ಮೋಟಾರ್‌ಹೋಮ್‌ನ ನೆಲಹಾಸು ವಾಹನದ ಚೌಕಟ್ಟಿನ ಮೇಲೆ ಇರುವುದರಿಂದ ಬಾಗಿಲಿನ ಹೊಸ್ತಿಲು ನೆಲಮಟ್ಟದಿಂದ ಸಾಕಷ್ಟು ಎತ್ತರದಲ್ಲಿರುತ್ತದೆ. ಸ್ಥಿರವಾದ ಮೆಟ್ಟಿಲನ್ನು ಜೋಡಿಸಿದರೆ ಅದು ರಸ್ತೆಯ ಉಬ್ಬುಗಳಿಗೆ ತಗಲುತ್ತದೆ. ಈ ತೊಡಕಿಗೆ ಪರಿಹಾರವಾಗಿ ಮಡಚುವ ಮೆಟ್ಟಿಲುಗಳು ಬಳಕೆಗೆ ಬಂದವು. ಭಾರತದಲ್ಲಿ ಮೋಟಾರ್ ಕ್ಯಾರವಾನ್‌ಗಳ ಮಾದರಿ ಅನುಮೋದನೆಗೆ ಎಐಎಸ್–124 ಎಂಬ ಮಾನದಂಡವಿದೆ. ನೆರೆಯ ಕೇರಳ ರಾಜ್ಯವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು. ಚಿತ್ರೀಕರಣದ ಸ್ಥಳಗಳಲ್ಲಿ ಕಲಾವಿದರು ಬಳಸುವ ವಿಶ್ರಾಂತಿ ವಾಹನವನ್ನೂ ಕನ್ನಡ ಚಿತ್ರರಂಗದಲ್ಲಿ ಕ್ಯಾರವಾನ್ ಎಂದೇ ಕರೆಯುತ್ತಾರೆ.

ರಚನೆ ಮತ್ತು ಕಾರ್ಯವಿಧಾನ

ಈ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಐದು ಭಾಗಗಳಿವೆ: ಮೆಟ್ಟಿಲು ಮತ್ತು ಅದರ ಕೀಲುಗಳು, ಗೇರುಳ್ಳ 12 ವೋಲ್ಟ್‌ನ ನೇರ ವಿದ್ಯುತ್ ಮೋಟಾರು, ನಿಯಂತ್ರಣ ಘಟಕ, ಬಾಗಿಲ ಚೌಕಟ್ಟಿನಲ್ಲಿರುವ ಕಾಂತೀಯ ಸ್ವಿಚ್ಚು ಹಾಗೂ ಒಳಗಡೆಯ ಮುಖ್ಯ ಸ್ವಿಚ್ಚು. ಬಾಗಿಲಿನಲ್ಲಿ ಒಂದು ಪುಟ್ಟ ಅಯಸ್ಕಾಂತವಿರುತ್ತದೆ. ಬಾಗಿಲು ತೆರೆದೊಡನೆ ಅದು ಸ್ವಿಚ್ಚಿನಿಂದ ದೂರವಾಗುತ್ತದೆ. ಈ ಸಂಕೇತವನ್ನು ಪಡೆದ ನಿಯಂತ್ರಣ ಘಟಕವು ಮೋಟಾರನ್ನು ತಿರುಗಿಸುತ್ತದೆ. ಮೋಟಾರಿಗೆ ಹರಿಯುವ ವಿದ್ಯುತ್ತಿನ ದಿಕ್ಕು ಬದಲಾದಾಗ ಮೆಟ್ಟಿಲು ವಿರುದ್ಧ ದಿಕ್ಕಿಗೆ ಚಲಿಸುತ್ತದೆ.

ಮುಖ್ಯ ಸ್ವಿಚ್ಚನ್ನು ಆರಿಸಿದಾಗ ಮೆಟ್ಟಿಲು ಇದ್ದ ಸ್ಥಿತಿಯಲ್ಲೇ ಉಳಿಯುತ್ತದೆ. ತಂಗುದಾಣದಲ್ಲಿ ಪದೇ ಪದೇ ಹತ್ತಿಳಿಯುವವರಿಗೆ ಇದು ಅನುಕೂಲ. ಅನೇಕ ಮಾದರಿಗಳಲ್ಲಿ ಬಾಗಿಲು ಮುಚ್ಚಿ ಇಗ್ನಿಷನ್ ಕೀಲಿ ತಿರುಗಿಸಿದರೆ, ಸ್ವಿಚ್ಚು ಆರಿದ್ದರೂ ಮೆಟ್ಟಿಲು ಒಳಸರಿಯುತ್ತದೆ. ಕೆಲವು ಮಾದರಿಗಳಲ್ಲಿ ಮೆಟ್ಟಿಲು ಹೊರಗಿದ್ದರೆ ಎಚ್ಚರಿಕೆಯ ಸದ್ದು ಮಾತ್ರ ಕೇಳಿಸುತ್ತದೆ. ಈ ವ್ಯತ್ಯಾಸವನ್ನು ತಿಳಿಯದೆ, ಸರಿಯಾಗಿಯೇ ಇರುವ ಮೆಟ್ಟಿಲನ್ನು ಕೆಟ್ಟಿದೆಯೆಂದು ಭಾವಿಸುವುದುಂಟು.

ದೋಷದ ಲಕ್ಷಣಗಳು ಮತ್ತು ಕಾರಣಗಳು

• ಮೆಟ್ಟಿಲು ಚಲಿಸುವುದೇ ಇಲ್ಲ, ಸದ್ದೂ ಇಲ್ಲ: ಮುಖ್ಯ ಸ್ವಿಚ್ಚು ಆರಿರುವುದು, ಫ್ಯೂಸ್ ಸುಟ್ಟಿರುವುದು, ಬ್ಯಾಟರಿ ಬರಿದಾಗಿರುವುದು ಅಥವಾ ಅರ್ತ್ ತಂತಿ ಸಡಿಲವಾಗಿರುವುದು.
• ನಿಧಾನವಾಗಿ ಚಲಿಸಿ ಅರ್ಧಕ್ಕೆ ನಿಲ್ಲುತ್ತದೆ: ತಂತಿಯ ಜೋಡಣೆಗಳಲ್ಲಿ ಕಿಲುಬು, ಕೀಲುಗಳಲ್ಲಿ ಮಣ್ಣು ಅಥವಾ ತುಕ್ಕು.
• ಮೋಟಾರಿನ ಸದ್ದು ಕೇಳುತ್ತದೆ, ಮೆಟ್ಟಿಲು ಅಲುಗದು: ಗೇರಿನ ಹಲ್ಲು ಸವೆದಿರುವುದು ಅಥವಾ ಜೋಡುಸರಳಿನ ಪಿನ್ನು ಕಳಚಿರುವುದು.
• ಬಾಗಿಲು ತೆರೆದರೂ ಮುಚ್ಚಿದರೂ ಸ್ಪಂದಿಸದು, ಆದರೆ ಇಗ್ನಿಷನ್ ಕೀಲಿಗೆ ಸ್ಪಂದಿಸುತ್ತದೆ: ಬಾಗಿಲಿನ ಕಾಂತೀಯ ಸ್ವಿಚ್ಚಿನ ದೋಷ, ಅಥವಾ ಬಾಗಿಲು ಜೋತುಬಿದ್ದು ಅಯಸ್ಕಾಂತ ದೂರ ಸರಿದಿರುವುದು.

ಪರೀಕ್ಷೆಯ ಕ್ರಮ

ಮೋಟಾರು ಕೆಟ್ಟಿದೆಯೆಂದು ಮೊದಲೇ ನಿರ್ಧರಿಸಿ ಹೊಸದನ್ನು ಕೊಳ್ಳುವುದು ಸಾಮಾನ್ಯವಾದ ತಪ್ಪು. ಸುಲಭವಾದುದನ್ನು ಮೊದಲು, ಕಠಿಣವಾದುದನ್ನು ಕೊನೆಗೆ ಪರೀಕ್ಷಿಸುವುದು ಉತ್ತಮ ಕ್ರಮ.

1. ಮುಖ್ಯ ಸ್ವಿಚ್ಚು ಮತ್ತು ಫ್ಯೂಸನ್ನು ನೋಡಬೇಕು. ಫ್ಯೂಸನ್ನು ಅದೇ ಆಂಪಿಯರ್‌ನದರಿಂದ ಮಾತ್ರ ಬದಲಿಸಬೇಕು. ಹೆಚ್ಚಿನ ಆಂಪಿಯರ್‌ನದನ್ನು ಹಾಕಿದರೆ ತಂತಿ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳಬಹುದು.
2. ಮಲ್ಟಿಮೀಟರಿನಿಂದ ಬ್ಯಾಟರಿಯನ್ನು ಅಳೆಯಬೇಕು. ವಿರಾಮದಲ್ಲಿರುವ, ಪೂರ್ತಿ ಚಾರ್ಜ್ ಆದ ಸೀಸ–ಆಮ್ಲ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ.
3. ಮೆಟ್ಟಿಲನ್ನು ಚಾಲನೆ ಮಾಡುತ್ತಿರುವಾಗಲೇ ನಿಯಂತ್ರಣ ಘಟಕದ ಬಳಿ ಮತ್ತೊಮ್ಮೆ ಅಳೆಯಬೇಕು. ಬ್ಯಾಟರಿಯ ಬಳಿ ವೋಲ್ಟೇಜ್ ಸರಿಯಿದ್ದು ಇಲ್ಲಿ ಬಹಳ ಕುಸಿದರೆ ದೋಷವು ತಂತಿ, ಜೋಡಣೆ ಅಥವಾ ಅರ್ತ್‌ನಲ್ಲಿದೆ.
4. ಬೇರೊಂದು ಅಯಸ್ಕಾಂತವನ್ನು ಬಾಗಿಲ ಸ್ವಿಚ್ಚಿನ ಸಮೀಪಕ್ಕೆ ತಂದು ದೂರ ಸರಿಸಬೇಕು. ಮೆಟ್ಟಿಲು ಸ್ಪಂದಿಸಿದರೆ ಸ್ವಿಚ್ಚು ಸರಿಯಿದೆ. ಬಾಗಿಲಿನ ಅಯಸ್ಕಾಂತದ ಸ್ಥಾನವನ್ನು ಹೊಂದಿಸಿದರೆ ಸಾಕು.
5. ಕೊನೆಯಲ್ಲಿ ಮೋಟಾರನ್ನು ನಿಯಂತ್ರಣ ಘಟಕದಿಂದ ಬೇರ್ಪಡಿಸಿ, ಫ್ಯೂಸ್ ಇರುವ ತಂತಿಯ ಮೂಲಕ ಕ್ಷಣಕಾಲ ನೇರವಾಗಿ 12 ವೋಲ್ಟ್ ಕೊಡಬೇಕು. ಮೋಟಾರು ತಿರುಗಿದರೆ ದೋಷವು ನಿಯಂತ್ರಣ ಘಟಕದಲ್ಲಿ ಅಥವಾ ಅಲ್ಲಿಂದ ಬರುವ ತಂತಿಯಲ್ಲಿರಬಹುದು.

ಮಣ್ಣು ಮತ್ತು ಹವಾಮಾನದ ಪ್ರಭಾವ

ಮೆಟ್ಟಿಲು ಚಕ್ರಗಳಿಂದ ಚಿಮ್ಮುವ ಕೆಸರಿಗೆ ಮತ್ತು ಧೂಳಿಗೆ ಸದಾ ಒಡ್ಡಿಕೊಂಡಿರುತ್ತದೆ. ವಿಜಯಪುರ ಜಿಲ್ಲೆಯ ಗೊಳಸಂಗಿ, ಬಸವನ ಬಾಗೇವಾಡಿ, ಸಿಂದಗಿ ಮುಂತಾದ ಎರೆಭೂಮಿಯ ಪ್ರದೇಶಗಳಲ್ಲಿ ಈ ತೊಂದರೆ ಹೆಚ್ಚು. ಎರೆಮಣ್ಣು ಮಳೆಯಲ್ಲಿ ಅಂಟಿನಂತೆ ಹಿಡಿದು, ಬಿಸಿಲಿಗೆ ಗಟ್ಟಿಯಾಗಿ ಕೀಲುಗಳನ್ನು ಬಿಗಿಯುತ್ತದೆ. ಗೋಲಗುಮ್ಮಟ, ಆಲಮಟ್ಟಿ, ಕೂಡಲಸಂಗಮಗಳ ಕಡೆಗೆ ಮಳೆಗಾಲದಲ್ಲಿ ಪ್ರವಾಸ ಬರುವವರು ಮಣ್ಣು ಒಣಗುವ ಮುನ್ನವೇ ಮೆಟ್ಟಿಲನ್ನು ನೀರಿನಿಂದ ತೊಳೆಯುವುದು ಒಳಿತು. ಮೋಟಾರು ಮತ್ತು ತಂತಿಗಳ ಮೇಲೆ ನೀರನ್ನು ರಭಸವಾಗಿ ಹಾಯಿಸಬಾರದು. ಗಟ್ಟಿ ಗ್ರೀಸು ಧೂಳನ್ನು ಹಿಡಿದಿಡುವುದರಿಂದ, ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ಕೀಲೆಣ್ಣೆಯನ್ನೇ ಬಳಸಬೇಕು.

ಸುರಕ್ಷತೆ

ದುರಸ್ತಿಗೆ ಮುನ್ನ ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಒತ್ತು ಕೊಟ್ಟು, ಇಗ್ನಿಷನ್ ಆರಿಸಬೇಕು. ವಿದ್ಯುತ್ ಸಂಪರ್ಕವನ್ನು ಕಡಿದ ನಂತರವೇ ಕೀಲುಗಳ ನಡುವೆ ಕೈಹಾಕಬೇಕು. ಬಾಗಿಲು ಅಲುಗಿದರೂ ಮೆಟ್ಟಿಲು ಹಠಾತ್ತನೆ ಚಲಿಸಿ ಬೆರಳು ಜಜ್ಜಬಹುದು. ಪ್ರಯಾಣದ ನಡುವೆ ಮೆಟ್ಟಿಲು ಒಳಸರಿಯದಿದ್ದರೆ ಮೋಟಾರಿನ ಸಂಪರ್ಕವನ್ನೂ ಜೋಡುಸರಳಿನ ಪಿನ್ನನ್ನೂ ತೆಗೆದು, ಮೆಟ್ಟಿಲನ್ನು ಕೈಯಿಂದ ಮಡಚಿ ಭದ್ರವಾಗಿ ಕಟ್ಟಿ, ಆಮೇಲಷ್ಟೇ ಹೊರಡಬೇಕು. ಅಲ್ಲಿಂದ ಮುಂದೆ ಹತ್ತಿಳಿಯಲು ಬೇರೆ ಮಣೆ ಇಟ್ಟುಕೊಳ್ಳುವುದು ಅಗತ್ಯ. ಕತ್ತಲೆಯಲ್ಲಿ, ವಿಶೇಷವಾಗಿ ವೃದ್ಧರು ಮತ್ತು ಮಕ್ಕಳು, ಮೆಟ್ಟಿಲು ಪೂರ್ತಿ ಹೊರಬಂದಿರುವುದನ್ನು ಕಣ್ಣಾರೆ ಕಂಡ ಮೇಲೆಯೇ ಕಾಲಿಡಬೇಕು.

ಹೋಲುವ ವ್ಯವಸ್ಥೆಗಳು

ವಂದೇ ಭಾರತ್ ಎಕ್ಸ್‌ಪ್ರೆಸ್ ರೈಲುಗಳ ಸ್ವಯಂಚಾಲಿತ ಬಾಗಿಲುಗಳಲ್ಲಿಯೂ ಹೊರಚಾಚುವ ಮೆಟ್ಟಿಲುಗಳಿವೆ. ಕರ್ನಾಟಕದಲ್ಲಿ ಇಂಥ ರೈಲು 2022ರ ನವೆಂಬರ್ 11ರಂದು ಮೈಸೂರು–ಚೆನ್ನೈ ಮಾರ್ಗದಲ್ಲಿ, ಬೆಂಗಳೂರಿನ ಮೂಲಕ, ಆರಂಭವಾಯಿತು. ಕೆಲವು ದೊಡ್ಡ ಕಾರುಗಳ ಪಕ್ಕದಲ್ಲಿಯೂ ವಿದ್ಯುತ್ ಚಾಲಿತ ಕಾಲ್ಮೆಟ್ಟಿಲುಗಳನ್ನು ಅಳವಡಿಸಲಾಗುತ್ತದೆ.